ಇಪ್ಪತ್ನಾಲ್ಕು ಪೊಟ್ಟಣಗಳ ಪಂಚನಾಮೆ

ಹನ್ನೊಂದು ದಿನ ಜೀಪಿನಲ್ಲಿ ಕೂತು ಕೂತು ಮಾನಪ್ಪನವರಿಗೆ ಸೊಂಟ ತಮ್ಮದೋ ಜೀಪಿನದೋ ಎಂಬ ಅನುಮಾನ ಬಂದುಬಿಟ್ಟಿತ್ತು. ಇಂಡಿಯಲ್ಲಿ ಬಾಡಿಗೆಗೆ ಹಿಡಿದ ಜೀಪು ಅದು. ಡ್ರೈವರ್ ಮೀರಾಸಾಬ ಒಳ್ಳೆಯ ಮನುಷ್ಯ, ಆದರೆ ರಸ್ತೆಯಲ್ಲಿ ಒಂದು ತಗ್ಗು ಕಂಡರೆ ಅದನ್ನು ಮಾತಾಡಿಸದೆ ಮುಂದೆ ಹೋಗುವವನಲ್ಲ. ಇಂಡಿ ತಾಲೂಕು ಮುಗಿಯಿತು, ಮುದ್ದೇಬಿಹಾಳ ಮುಗಿಯಿತು, ಬಸವನ ಬಾಗೇವಾಡಿಯ ಸುತ್ತಿನ ಹಳ್ಳಿಗಳೂ ಮುಗಿದವು. ಎಲ್ಲ ಕಡೆಯೂ ಒಂದೇ ಪ್ರಶ್ನೆ: ಸಂಕ್ರಾಂತಿಯ ಮರುದಿನ ಮುಗಿಲಿನಿಂದ ಒಂದು ತಗಡಿನ ಡಬ್ಬಿ ಬಿದ್ದದ್ದನ್ನು ಯಾರಾದರೂ ಕಂಡಿರಾ? ಒಂದೂರಿನಲ್ಲಿ ಹಾಲಿನ ಕ್ಯಾನು ತಂದು ತೋರಿಸಿದರು. ಇನ್ನೊಂದೂರಿನಲ್ಲಿ, ಮುಗಿಲಿನಿಂದ ಮಳೆಯೇ ಹೊತ್ತಿಗೆ ಸರಿಯಾಗಿ ಬೀಳುವುದಿಲ್ಲ, ಡಬ್ಬಿ ಎಲ್ಲಿಂದ ಬೀಳಬೇಕು ಎಂದು ನಕ್ಕರು.

ಮಾನಪ್ಪ ಭೌತವಿಜ್ಞಾನಿ. ಎಲ್ಲೋ ಒಂದು ನಕ್ಷತ್ರ ಸಿಡಿದಾಗ ಹೊರಟು, ಲಕ್ಷಾಂತರ ವರ್ಷ ಅಂತರಿಕ್ಷದಲ್ಲಿ ಅಲೆದು ಬರುವ ಕಣಗಳನ್ನು ಹಿಡಿಯುವುದು ಅವರ ಕಸುಬು. ಮುಂಬಯಿಯ ಒಂದು ಸಂಸ್ಥೆಯಲ್ಲಿ ಮೂವತ್ನಾಲ್ಕು ವರ್ಷ ಅದನ್ನೊಂದೇ ಮಾಡಿದ್ದರು. ಆ ಕಣಗಳು ನೆಲದವರೆಗೆ ಇಳಿಯುವುದಿಲ್ಲ, ದಾರಿಯಲ್ಲಿ ಗಾಳಿಗೆ ಬಡಿದು ಒಡೆದುಹೋಗುತ್ತವೆ. ಅದಕ್ಕೇ ಹೈದರಾಬಾದಿನಿಂದ ಭಾರೀ ಬಲೂನು ಹಾರಿಸಿ, ಗಾಳಿ ಹೆಚ್ಚುಕಡಿಮೆ ಮುಗಿದೇಹೋಗುವಷ್ಟು ಎತ್ತರಕ್ಕೆ ಉಪಕರಣ ಕಳಿಸುತ್ತಾರೆ. ಕೆಲಸ ಮುಗಿದ ಮೇಲೆ ಪ್ಯಾರಾಚೂಟಿನಲ್ಲಿ ಇಳಿಸುತ್ತಾರೆ. ಮೇಲಿನ ಗಾಳಿ ಪಡುವಣಕ್ಕೆ ನೂಕಿದರೆ ಅವು ಬಂದು ಬೀಳುವುದು ಗುಲಬರ್ಗಾ, ಬಿಜಾಪುರದ ಎರೆಹೊಲಗಳಲ್ಲಿ.

ಈ ಸಲ, ಅಂದರೆ ತೊಂಬತ್ತೆಂಟರ ಜನವರಿಯಲ್ಲಿ, ಬಲೂನು ಹಾರಿದ್ದು ಹೊಸ ಪೀಳಿಗೆಯವರ ಕಂಪ್ಯೂಟರ್ ಉಪಕರಣಕ್ಕಾಗಿ. ಮಾನಪ್ಪನವರ ಹದಿನೈದು ಕಿಲೋದ ಡಬ್ಬಿ ಅದರ ಬುಡಕ್ಕೆ ಜೋತುಬಿದ್ದಿತ್ತು, ಮದುವೆ ಬಸ್ಸಿನ ಟಾಪಿನ ಮೇಲೆ ಕೂತ ಬಡ ನೆಂಟನ ಹಾಗೆ. ಹೊಸಬರ ಉಪಕರಣ ಝಳಕಿಯ ಹೆದ್ದಾರಿ ಪಕ್ಕದಲ್ಲೇ ಇಳಿಯಿತು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಅವರು ಸಂಜೆಗೇ ಹೊರಟರು. ಬಡ ನೆಂಟ ಮಾತ್ರ ಎತ್ತರದಲ್ಲೇ ಹಗ್ಗ ಕಳಚಿಕೊಂಡು, ತನ್ನ ಸಣ್ಣ ಪ್ಯಾರಾಚೂಟಿನೊಂದಿಗೆ ಗಾಳಿ ಕರೆದತ್ತ ಹೋಗಿದ್ದ. ಅವನನ್ನು ಹುಡುಕಲು ಮಾನಪ್ಪ ಒಬ್ಬರೇ ಉಳಿದರು.

ಡಬ್ಬಿಯಲ್ಲಿದ್ದದ್ದು ಇಪ್ಪತ್ನಾಲ್ಕು ಗಾಜಿನ ತಟ್ಟೆ. ಮಕ್ಕಳ ಪಾಟಿಯಷ್ಟು ಅಗಲ, ಮೇಲೆ ಫೋಟೋ ಫಿಲ್ಮಿನಂಥದೇ ಲೇಪ, ಆದರೆ ದಪ್ಪ. ಕಣ ಹಾದುಹೋದರೆ ಅದರಲ್ಲಿ ಕೂದಲಿಗಿಂತ ಸಣ್ಣ ಗೆರೆ ಉಳಿಯುತ್ತದೆ. ಕತ್ತಲೆಯಲ್ಲೇ ತೊಳೆದು, ಆಮೇಲೆ ಸೂಕ್ಷ್ಮದರ್ಶಕದಡಿ ಇಟ್ಟು ತಿಂಗಳುಗಟ್ಟಲೆ ಹುಡುಕಬೇಕು. ತೊಳೆಯುವ ಮೊದಲು ಒಂದು ಗಳಿಗೆ ಬೆಳಕು ತಾಗಿತೋ, ಎಲ್ಲ ಮುಗಿಯಿತು. ಅದಕ್ಕೇ ಪ್ರತಿ ತಟ್ಟೆಯನ್ನೂ ಎರಡು ಸುತ್ತು ಕಪ್ಪು ಕಾಗದದಲ್ಲಿ ಕಟ್ಟಿ, ಅಂಟುಪಟ್ಟಿ ಹಚ್ಚಿ ಕಳಿಸುವುದು. ಕಟ್ಟುವುದೂ ಕತ್ತಲೆಯಲ್ಲೇ. ಮಾನಪ್ಪ ಆ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ.

ಎಪ್ಪತ್ತೊಂಬತ್ತರಲ್ಲಿ ಒಂದು ತಟ್ಟೆಯಲ್ಲಿ ಅವರಿಗೊಂದು ಗೆರೆ ಸಿಕ್ಕಿತ್ತು. ದಪ್ಪ ಗೆರೆ, ಅಷ್ಟು ಭಾರದ ಕಣ ಅದಕ್ಕೆ ಮೊದಲು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಕಂಡದ್ದನ್ನು ಕಂಡಂತೆ ಬರೆದು ಪ್ರಕಟಿಸಿದರು. ಲೇಪದಲ್ಲಿ ದೋಷವಿರಬೇಕು ಎಂದರು ಕೆಲವರು. ಒಂದೇ ಗೆರೆಯಿಂದ ಏನು ಹೇಳಲಾಗುತ್ತದೆ, ಇನ್ನೊಂದು ತೋರಿಸಿ ಎಂದರು ಉಳಿದವರು. ಆ ಇನ್ನೊಂದಕ್ಕಾಗಿ ಹತ್ತೊಂಬತ್ತು ವರ್ಷ ಹೋದವು. ಕೂದಲು ಹೋಯಿತು, ಸೂಕ್ಷ್ಮದರ್ಶಕದಲ್ಲಿ ಇಣುಕಿ ಇಣುಕಿ ಬಲಗಣ್ಣು ಮಂಜಾಯಿತು. ಹೆಂಡತಿ ರೇಣವ್ವ ಬೈಯುವುದನ್ನೂ ಬಿಟ್ಟಿದ್ದರು. ಮಾರ್ಚ್ ಮೂವತ್ತೊಂದಕ್ಕೆ ನಿವೃತ್ತಿ. ಈ ತಟ್ಟೆಗಳನ್ನು ಬಳಸುವವರು ಸಂಸ್ಥೆಯಲ್ಲಿ ಇನ್ನು ಯಾರೂ ಇಲ್ಲ, ಅವರ ಕತ್ತಲೆಕೋಣೆಯನ್ನು ಏಪ್ರಿಲ್‌ನಲ್ಲಿ ಸ್ಟೋರ್‌ರೂಮು ಮಾಡುತ್ತಾರಂತೆ.

ಹತ್ತನೆಯ ದಿನ ಬಾಗೇವಾಡಿಯ ಎಸ್‌ಟಿಡಿ ಬೂತಿನಿಂದ ಮುಂಬಯಿಗೆ ಫೋನು ಮಾಡಿದ್ದರು. ವಿಭಾಗದ ಮುಖ್ಯಸ್ಥ ಒಂದು ಕಾಲಕ್ಕೆ ಇವರ ಕೈಕೆಳಗೇ ಕಲಿತವನು. ಸಂಕೋಚದಿಂದಲೇ ಒಂದು ಮಾತು ಹೇಳಿದ. ಮಾರ್ಚ್ ಮೊದಲ ವಾರ ಇನ್ನೊಂದು ಬಲೂನು ಹೋಗುವುದಿದೆ, ಅದರಲ್ಲಿ ಹದಿನೈದು ಕಿಲೋ ಜಾಗ ಇದೆ. ತಟ್ಟೆಗಳು ಹೊರಗಿನವರ ಕೈಯಲ್ಲಿ ಹಾಳಾದವು ಎಂಬುದಕ್ಕೆ ಸರಕಾರಿ ಕಾಗದ ಒಂದಿದ್ದರೆ ಆ ಜಾಗ ನಿಮಗೆ ಕೊಡಿಸಬಲ್ಲೆ. ನಮ್ಮವರ ಕೈತಪ್ಪಿನಿಂದ ಹಾಳಾದರೆ ಮಾತ್ರ ನನ್ನಿಂದಾಗದು, ಸರ್. ಮಾನಪ್ಪ ಹೂಂ ಎಂದು ಫೋನಿಟ್ಟರು.

ಮರುದಿನ ದೇವರ ಹಿಪ್ಪರಗಿಯ ಸಂತೆಯಲ್ಲಿ ಮೀರಾಸಾಬ ಬೀಡಿ ಕೊಳ್ಳಲು ಹೋದವನು ಓಡುತ್ತ ಬಂದ. "ಸಾಹೇಬ್ರ, ನಿಮ್ಮ ಡಬ್ಬಿ ಸಿಕ್ತು. ಕೆಂಚನಗುತ್ತಿ ಚಾವಡಿಯೊಳಗ ಐತಂತ. ಅರಗಿನ ಮುದ್ರಿ ಒತ್ತಿ ಇಟ್ಟಾರಂತ, ಕಳ್ಳನ್ನ ಹಿಡದು ಕೂಡ್ರಿಸಿದಂಗ!"

ಕೆಂಚನಗುತ್ತಿ ಅಲ್ಲಿಂದ ಎರಡು ಹರದಾರಿ. ಹನ್ನೊಂದು ಗಂಟೆಯ ಬಿಸಿಲಿಗೆ ಮುಟ್ಟಿದರು. ಚಾವಡಿಯ ಕಟ್ಟೆಯ ಮೇಲೆ ಡಬ್ಬಿ ಇತ್ತು, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿಸಿಕೊಂಡು. ಊರಿನ ಕಂದಾಯ ದಫ್ತರ ನೋಡುವ ತಲಾಟಿ ಚೇತನಕುಮಾರ ಕುರ್ಚಿ ತರಿಸಿದ, ಚಹಾ ತರಿಸಿದ. ಮೂವತ್ತರ ಆಸುಪಾಸಿನವನು, ನೌಕರಿಗೆ ಸೇರಿ ಎರಡು ವರ್ಷ, ಶರ್ಟಿನ ಕಿಸೆಯಲ್ಲಿ ಮೂರು ಪೆನ್ನು. ಊರವರು ಹದಿನೈದಿಪ್ಪತ್ತು ಜನ ಸೇರಿದರು. ಅವರ ಮುಂದೆ ನಿಂತವಳು ಲಕ್ಕವ್ವ, ಡಬ್ಬಿ ಬಿದ್ದದ್ದು ಅವಳ ಹೊಲದಲ್ಲಿ.

"ನಾಕು ಸಾಲು ಜ್ವಾಳ ಮಲಗಿಸೇತ್ರಿ ನಿಮ್ಮ ಡಬ್ಬಿ," ಎಂದಳು. "ನಾ ಬಾಂಬ್ ಅಂತ ತಿಳದು ಎಮ್ಮಿ ಬಿಟ್ಟು ಓಡಿದೆ. ಎಮ್ಮಿ ಮಾತ್ರ ಅಲ್ಲೇ ನಿಂತು ಮೇಯಾಕತ್ತಿತ್ತು."

"ಬಾಂಬ್ ಅನ್ನೂ ಸುದ್ದಿಗೇ ನಾನು ಪಂಚನಾಮೆ ಮಾಡಬೇಕಾತ್ರಿ," ಎಂದು ತಲಾಟಿ ಒಂದು ಕಾಗದ ಮುಂದೆ ಹಿಡಿದ. "ನಮ್ಮ ಕಡಿಯಿಂದ ಏನೂ ಕಮ್ಮಿ ಮಾಡಿಲ್ಲ. ಓದ್ರಿ ಸರ್."

ಮಾನಪ್ಪ ಕನ್ನಡಕ ಏರಿಸಿ ಓದಿದರು. ಮುತ್ತಿನಂಥ ಅಕ್ಷರ. ಸದರಿ ಡಬ್ಬಿಯನ್ನು ಪಂಚರ ಸಮಕ್ಷಮ ತೆರೆದು ನೋಡಲಾಗಿ, ಕಪ್ಪು ಕಾಗದದಲ್ಲಿ ಸುತ್ತಿದ ಇಪ್ಪತ್ನಾಲ್ಕು ಪೊಟ್ಟಣಗಳಿದ್ದು, ಅವುಗಳನ್ನು ಒಂದೊಂದಾಗಿ ಬಿಚ್ಚಿ ಬಿಸಿಲಿಗೆ ಹಿಡಿದು ಪರಿಶೀಲಿಸಲಾಗಿ, ಒಳಗೆ ಗಾಜಿನ ತುಂಡು ಇದ್ದು, ಅದರ ಮೇಲೆ ಯಾವುದೇ ಅಕ್ಷರವಾಗಲಿ ಚಿತ್ರವಾಗಲಿ ಕಂಡುಬಂದಿರುವುದಿಲ್ಲ. ಕೆಳಗೆ ಪಟ್ಟಿ. ನಂಬರ್ ಒಂದು, ಗಾಜಿನ ತುಂಡು, ಖಾಲಿ. ನಂಬರ್ ಎರಡು, ಮೇಲಿನಂತೆ. ನಂಬರ್ ಮೂರು, ಮೇಲಿನಂತೆ. ಹೀಗೆ ಇಪ್ಪತ್ನಾಲ್ಕರವರೆಗೆ. ಕೊನೆಗೆ ಐದು ಪಂಚರ ಸಹಿ, ಹೆಬ್ಬೆಟ್ಟು.

ಬಿಸಿಲಿಗೆ ಹಿಡಿದು. ಆ ಎರಡು ಶಬ್ದದ ಮೇಲೆ ಅವರ ಕಣ್ಣು ನಿಂತುಬಿಟ್ಟಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಇಲ್ಲಿ ದೊಣ್ಣೆ ಹಿಡಿದವನು ಮುತ್ತಿನಂಥ ಅಕ್ಷರದಲ್ಲಿ ವರದಿಯನ್ನೂ ಬರೆದಿಟ್ಟಿದ್ದ.

ಗಂಟು ಬಿಚ್ಚಿಸಿ ಮುಚ್ಚಳ ತೆಗೆದು ನೋಡಿದರು. ಪ್ರತಿ ಪೊಟ್ಟಣಕ್ಕೂ ಬಿಳಿ ದಾರ, ಸಹಿ ಮಾಡಿದ ಚೀಟಿ, ಅರಗಿನ ಮುದ್ರೆ. ಮೇಲಿನ ಎರಡನ್ನು ತಿರುವಿದರು. ಅಂಟುಪಟ್ಟಿ ಕತ್ತರಿಸಿದ್ದರು, ಕಾಗದವನ್ನು ಅಡ್ಡಾದಿಡ್ಡಿ ಮಡಚಿದ್ದರು. ಇಷ್ಟು ಸಾಕು. ಕಾಗದ ಹೇಳುವುದನ್ನೇ ಕಣ್ಣಿಗೆ ಕಂಡ ಎರಡು ಪೊಟ್ಟಣಗಳೂ ಹೇಳುತ್ತವೆ. ಮೂರನೆಯದನ್ನು ನೋಡುವಷ್ಟು ಉತ್ಸಾಹ ಅವರಲ್ಲಿ ಉಳಿದಿರಲಿಲ್ಲ. ನಿಜ ಹೇಳಬೇಕೆಂದರೆ ಸಿಟ್ಟೂ ಬರಲಿಲ್ಲ. ಬಂದದ್ದು ಒಂದು ಥರದ ಹಗುರ. ಪಂಚನಾಮೆ ಸಿಕ್ಕಿತಲ್ಲ, ಮುಖ್ಯಸ್ಥ ಕೇಳಿದ ಸರಕಾರಿ ಕಾಗದ ಇದೇ. ಮಾರ್ಚಿನ ಬಲೂನಿನಲ್ಲಿ ಹದಿನೈದು ಕಿಲೋ ಜಾಗ. ಈ ಗಾಜುಗಳಿಗೆ ಇನ್ನು ಬೆಲೆಯಿಲ್ಲ, ಬೆಲೆಯಿರುವುದು ಈ ಹಾಳೆಗೆ. ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟು, ಚಹಾದ ಕೊನೆಯ ಗುಟುಕು ಕುಡಿದರು.

"ಅಲ್ರಿ ಸಾಹೇಬ," ಎಂದ ಕಟ್ಟೆಯ ಮೇಲೆ ಕೂತಿದ್ದ ಮುದುಕ. ಖಂಡೆಪ್ಪ, ಪಂಚರಲ್ಲಿ ಒಬ್ಬ, ಎಪ್ಪತ್ತರ ಮೇಲೆ ವಯಸ್ಸು, ತಲೆಗೆ ರುಮಾಲು. "ಇಷ್ಟ ದೂರ ಹುಡಕ್ಕೊಂತ ಬಂದೀರಿ. ಅದರೊಳಗ ಅಂಥಾದ್ದೇನೈತಿ? ನಾವು ನೋಡಿದ್ರ ಬರೇ ಗಾಜು."

ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಯಾರೂ ಅವರನ್ನು ಕೇಳಿರಲಿಲ್ಲ. ಕೇಳಿದವರೆಲ್ಲ ಉತ್ತರ ಮೊದಲೇ ಇಟ್ಟುಕೊಂಡು ಕೇಳಿದವರು. ಮಾನಪ್ಪ ಹುಟ್ಟಿದ್ದು ಇಲ್ಲೇ ಮೂರು ಹರದಾರಿಯಲ್ಲಿ, ಓದಿದ್ದು ಬಾಗೇವಾಡಿಯ ಹಾಸ್ಟೆಲಿನಲ್ಲಿ. ಆದರೂ ತಾವು ಮಾಡುವ ಕೆಲಸ ಏನೆಂದು ಈ ಸೀಮೆಯ ಒಬ್ಬರಿಗೂ ಈ ಭಾಷೆಯಲ್ಲಿ ಹೇಳಿದ್ದಿಲ್ಲ. ಮಾನಪ್ಪ ಮೇಲಿನ ಪೊಟ್ಟಣ ಬಿಚ್ಚಿದರು.

"ಕಾಕಾ, ಇದು ಬರೇ ಗಾಜಲ್ಲ. ಇದರ ಮ್ಯಾಲಿನ ಲೇಪ ಐತೆಲ್ಲ, ಅದು ಬಲೆ. ಒಂದು ಚುಕ್ಕಿ ಒಡದಾಗ ಹೊಂಟ ಕಣ ಇದರೊಳಗ ಹಾದುಹೋಗತೈತಿ. ಹೋದ ದಾರಿ ಇದರೊಳಗ ಉಳೀತೈತಿ."

"ಚುಕ್ಕಿ ಒಡೀತಾವ?" ಎಂದಳು ಲಕ್ಕವ್ವ.

"ಒಡೀತಾವ ಯವ್ವಾ. ಒಡದ್ರೇ ಬಂಗಾರ, ಬೆಳ್ಳಿ ಎಲ್ಲಾ ಹುಟ್ಟೂದು. ನಿನ್ನ ಮೂಗಿನ್ಯಾಗಿನ ನತ್ತಿನ ಬಂಗಾರ ಒಂದಾನೊಂದು ಕಾಲಕ್ಕ ಒಡದ ಚುಕ್ಕಿದು."

ಲಕ್ಕವ್ವ ನತ್ತು ಮುಟ್ಟಿಕೊಂಡಳು. ಜನ ಹತ್ತಿರ ಬಂದರು. "ಕೊಡ್ರಿಲ್ಲಿ, ನೋಡೂಣು," ಎಂದ ಒಬ್ಬ. "ನನಗೂ ಒಂದು," ಎಂದ ಇನ್ನೊಬ್ಬ. ಹೇಗೂ ಹಾಳಾದ ಮಾಲು, ಯಾರು ಹಿಡಿದರೇನು ಎಂದುಕೊಂಡರು ಮಾನಪ್ಪ. ತಲಾಟಿ ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. "ತಗೋರಿ, ಎಲ್ಲಾರೂ ತಗೋರಿ. ಬಿಚ್ಚಿ ನೋಡ್ರಿ," ಎಂದು ಇವರೇ ಒಂದೊಂದಾಗಿ ಎತ್ತಿ ಕೊಟ್ಟರು, ಕೊನೆಯದು ಲಕ್ಕವ್ವನಿಗೆ, ಒಟ್ಟು ಹದಿನೆಂಟು. ಅರಗು ಒಡೆಯಿತು, ಕಾಗದ ಹರಿಯಿತು. ಜನ ತಟ್ಟೆಗಳನ್ನು ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು. ಮಾನಪ್ಪ ಹೇಳುತ್ತಲೇ ಇದ್ದರು. ಎಪ್ಪತ್ತೊಂಬತ್ತರ ಗೆರೆಯ ಕಥೆ ಹೇಳಿದರು, ನಂಬದವರ ಕಥೆ ಹೇಳಿದರು. ಖಂಡೆಪ್ಪ ತೊಡೆ ತಟ್ಟಿ, "ಕಣ್ಣಿಲೆ ಕಂಡದ್ದು ಸುಳ್ಳ ಹ್ಯಾಂಗ ಆದೀತು?" ಎಂದ. ಮಾನಪ್ಪನವರಿಗೆ ಎಷ್ಟೋ ವರ್ಷದ ಮೇಲೆ ಸುಖವೆನಿಸಿತು. ಆ ಸುಖದ ಬಗ್ಗೆ ಆಮೇಲೆ ಅವರಿಗೆ ಎಷ್ಟು ನಾಚಿಕೆಯಾಯಿತೆಂದರೆ, ರೇಣವ್ವನಿಗೂ ಅದನ್ನು ಹೇಳಲಿಲ್ಲ.

"ಯಪ್ಪಾ, ನಂದು ಹರಿವಲ್ದು," ಎಂದಳು ಲಕ್ಕವ್ವ. "ಭಾಳ ಬಿಗಿ ಕಟ್ಟೀರಿ. ನೀನ ಬಿಚ್ಚಿ ಕೊಡು."

ನಗುತ್ತಲೇ ಕೈಗೆ ತೆಗೆದುಕೊಂಡರು. ಬೆರಳು ಮೂಲೆಗೆ ಹೋಯಿತು. ಮೂಲೆಯಲ್ಲಿ ಕಾಗದ ಒಳಕ್ಕೆ ಒಂದು, ಮತ್ತೆ ಅಡ್ಡ ಒಂದು ಮಡಿಕೆಯಾಗಿತ್ತು. ಅದರ ಮೇಲೆ ಅಂಟುಪಟ್ಟಿ ಎರಡು ಸುತ್ತು, ಕೊನೆ ಒಳಗೆ ತುರುಕಿದ್ದು. ಕತ್ತಲೆಯಲ್ಲಿ ಮೂವತ್ನಾಲ್ಕು ವರ್ಷ ಮಡಚಿದ ಮಡಿಕೆ ಅದು. ಬೆರಳಿಗೆ ಗುರುತು ಹತ್ತಿದ ಮೇಲೆ ಕಣ್ಣಿಗೆ ಹತ್ತಿತು. ಇದನ್ನು ಯಾರೂ ಬಿಚ್ಚಿಲ್ಲ. ತಮ್ಮ ಕೈಯ ಗಂಟು ತಮ್ಮ ಕೈ ಬಿಟ್ಟ ದಿನದ ಹಾಗೇ ಇತ್ತು, ಅದರ ಮೇಲೆ ಸುಮ್ಮನೆ ದಾರ ಕಟ್ಟಿ ಮುದ್ರೆ ಒತ್ತಿದ್ದರು.

"ನಿಲ್ರಿ!" ಎಂದು ಕೂಗಿದರು. "ಯಾರೂ ಬಿಚ್ಚಬ್ಯಾಡ್ರಿ!"

ಉಳಿದವರ ಕೈಯಲ್ಲಿ ಬಿಚ್ಚುವುದು ಏನೂ ಉಳಿದಿರಲಿಲ್ಲ. ಮೊದಲು ಕೊಟ್ಟ ಮೂರು ತಟ್ಟೆಗಳ ಲೇಪ ಕಂದು ಬಣ್ಣಕ್ಕೆ ತಿರುಗಿತ್ತು. ಉಳಿದ ಹದಿನಾಲ್ಕು ಇನ್ನೂ ಹಾಲಿನ ಬಣ್ಣದಲ್ಲೇ ಇದ್ದವು, ಈಗಷ್ಟೇ ಬೆಳಕು ಕಂಡವು. ವ್ಯತ್ಯಾಸ ಇಷ್ಟು ಹೊತ್ತು ಕಣ್ಣೆದುರಿಗೇ ಇತ್ತು.

"ತಲಾಟಿಯವರೆ," ಎಂದರು. ದನಿ ಏರಲಿಲ್ಲ. "ಅವತ್ತ ಎಷ್ಟು ಬಿಚ್ಚಿದ್ರಿ? ಖರೆ ಹೇಳ್ರಿ."

ಉತ್ತರ ಕೊಟ್ಟವನು ಖಂಡೆಪ್ಪ. "ಮೂರು ಬಿಚ್ಚಿದಿವ್ರಿ. ಮೂರ್ರಾಗೂ ಬರೇ ಗಾಜು. ಸಿಂದಗಿ ಕಡೀ ಬಸ್ಸಿನ ಹೊತ್ತಾಗಿತ್ತು, ಇವರು ಹೋಗೋರು. ಉಳದದ್ದು ಮ್ಯಾಲಿನಂಗ ಅಂತ ಬರಕೊಂಡ್ರು. ಎಲ್ಲಾ ಕಡಿ ಹಂಗ ಬರೀತಾರಲ್ರಿ. ನಾ ಹೆಬ್ಬೆಟ್ಟು ಒತ್ತಿದೆ."

ಎಲ್ಲ ಕಡೆಯೂ ಹಾಗೇ ಬರೆಯುತ್ತಾರೆ. ಇದು ಮಾನಪ್ಪನವರಿಗೆ ಗೊತ್ತಿರಬೇಕಾದ ಮಾತು, ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ. ಅವರ ಅಪ್ಪ ಊರ ವಾಲೀಕಾರ, ಚಾವಡಿಯ ಆಳು. ಕರೆ ಬಂದಾಗಲೆಲ್ಲ ಪಂಚನಾಗಿ ಹೋಗಿ, ನೋಡದ ಹೆಣಕ್ಕೆ, ನೋಡದ ಕಳವಿಗೆ, ಕಾಣದ ಜಗಳಕ್ಕೆ ಹೆಬ್ಬೆಟ್ಟು ಒತ್ತಿ ಬಂದವನು. ಮಸಿಯ ಬೆರಳನ್ನು ಗೋಡೆಗೆ ಒರೆಸುತ್ತ, "ಇವತ್ತೇನು ನೋಡಿದೆ ಅಂತ ಬರದಾರೋ ಏನೋ," ಎಂದು ನಗುತ್ತಿದ್ದ. ಅಂಥವನ ಮಗ, ವಿಜ್ಞಾನ ಓದಿ, ಬರೆದದ್ದೆಲ್ಲ ನೋಡಿದ್ದು ಎಂದು ನಂಬುವುದನ್ನು ಕಲಿತು, ಇಪ್ಪತ್ತೆರಡು 'ಮೇಲಿನಂತೆ'ಗಳನ್ನು ತಿರುವಿ ನೋಡದೆ ನುಂಗಿದ್ದ. ಮೂರನೆಯ ಪೊಟ್ಟಣವನ್ನು ನೋಡಿ, ಹಾಗೇ ನಾಲ್ಕನೆಯದನ್ನು ಎತ್ತಿದ್ದರೆ ಸಾಕಿತ್ತು. ಅವರಿಗೆ ತಮ್ಮ ಮೇಲೆ ಹೇಸಿಗೆಯೆನಿಸಿತು.

ಉಳಿದದ್ದನ್ನು ಎಣಿಸಿದರು. ಡಬ್ಬಿಯ ತಳದಲ್ಲಿ ಆರು, ಲಕ್ಕವ್ವನದು ಒಂದು. ಏಳು. ಭಾರದ ಕಣಗಳು ಹೆಚ್ಚಾಗಿ ಮೇಲಿನ ಹತ್ತರಲ್ಲೇ ನಿಂತುಬಿಡುತ್ತವೆ. ಕೆಳಗಿನ ಏಳರಲ್ಲಿ ಸಿಕ್ಕೀತು ಎನ್ನುವುದು ಬಾಯಿಮಾತು.

ತಲಾಟಿ ಅವರನ್ನು ಚಾವಡಿಯ ಒಳಗೆ ಕರೆದೊಯ್ದ.

"ಸರ್, ಒಂದು ಮಾತು. ಆಗೂದು ಆಗಿ ಹೋತು. ನೀವು ಸುಮ್ನ ಡಬ್ಬಿ ಮುಟ್ಟೇತಿ ಅಂತ ಪೋಚ್ ಪಾವತಿಗೆ ಸಹಿ ಮಾಡಿ ಒಯ್ರಿ. ಪಂಚನಾಮೆಯೊಳಗ ಇಪ್ಪತ್ನಾಲ್ಕೂ ನಾವೇ ಬಿಚ್ಚೇವಿ ಅಂತ ಐತಿ. ನಿಮ್ಮ ಮ್ಯಾಲೆ ಏನೂ ಬರೂದಿಲ್ಲ. ಬಾಂಬ್ ಅಂತ ತಿಳದು ಬಿಚ್ಚಿದ್ದಕ್ಕ ನನಗೂ ಯಾರೂ ಏನೂ ಅನ್ನಂಗಿಲ್ಲ. ಬಿಚ್ಚದ ಬಿಚ್ಚೇನಿ ಅಂತ ಬರದದ್ದು ಗೊತ್ತಾದ್ರ ಮಾತ್ರ ನನ್ನ ನೌಕರಿ ಹೋಗತೈತ್ರಿ."

ಆತ ಹೇಳಿದ್ದು ಸರಿಯಾಗಿಯೇ ಇತ್ತು. ಕಿಸೆಯಲ್ಲಿದ್ದ ಹಾಳೆ ಒಂದು ಬಲೂನಿನ ಟಿಕೆಟ್ಟು. ಯಾರೂ ಕೇಳುವುದಿಲ್ಲ, ಕೇಳಿದರೂ ಮುತ್ತಿನಂಥ ಅಕ್ಷರದಲ್ಲಿ ಉತ್ತರವಿದೆ. ಮಾರ್ಚ್ ಮೊದಲ ವಾರ ಹಾರಿಸಬಹುದು, ಇಪ್ಪತ್ನಾಲ್ಕು ಹೊಸ ತಟ್ಟೆ, ಬಹುಶಃ ಆ ಎರಡನೆಯ ಗೆರೆ. ಮಾನಪ್ಪ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ನಿದ್ದೆ ಬಂದಂತಾಯಿತು. ಆದರೆ ಆ ಎರಡನೆಯ ಗೆರೆ ಸಿಕ್ಕಿತೆಂದೇ ಇಟ್ಟುಕೊಳ್ಳಿ, ಏನೆಂದು ಬರೆಯುವುದು? ನಾನು ಕಂಡದ್ದನ್ನೇ ಬರೆಯುವವನು, ನಂಬಿ ಎಂದೇ? ಹತ್ತೊಂಬತ್ತು ವರ್ಷ ಅವರ ಹತ್ತಿರ ಇದ್ದದ್ದು ಅದೊಂದೇ ಮಾತು. ಬೇರೆ ಪುರಾವೆ ಇರಲಿಲ್ಲ.

"ಇದರ ಪ್ರತಿ ಸಿಂದಗಿ ತಾಲೂಕು ಕಚೇರಿಗೆ ಹೋಗೇತೇನು?" ಎಂದು ಕೇಳಿದರು.

"ಇಲ್ರಿ. ನಾಳೆ ಕಳಸೂದಿತ್ತು. ಎರಡೂ ಇಲ್ಲೇ ಅದಾವು."

ಮಾನಪ್ಪ ಕಿಸೆಯಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ಹರೀರಿ. ಹೊಸಾದು ಬರೀರಿ. ಅವತ್ತ ಮೂರು ಬಿಚ್ಚಿದ್ರಿ, ಮೂರು ಅಂತ ಬರೀರಿ. ಬಾಂಬ್ ಅಂತ ಬಿಚ್ಚಿದ್ರಿ, ತಪ್ಪಿಲ್ಲ. ಇವತ್ತ ಹದಿನಾಲ್ಕು ಬಿಚ್ಚಿಸಿದಾಂವ ನಾನು. ಅದನ್ನೂ ಬರೀರಿ. ನಿಮ್ಮ ನೌಕರಿಗೆ ಏನೂ ಆಗೂದಿಲ್ಲ."

"ನಿಮಗ?"

"ನನಗ ಮಾರ್ಚಿಗೆ ಮುಗೀತೈತಿ. ಬರೀರಿ."

ಚೇತನಕುಮಾರ ಹಳೆಯ ಹಾಳೆಗಳನ್ನು ಹರಿದ. ಪಂಚರನ್ನು ಕರೆದ. ಹೊಸ ಹಾಳೆ ತೆಗೆದು ನಂಬರ್ ಒಂದು, ಎರಡು, ಮೂರು ಬರೆದ. ನಾಲ್ಕನೆಯದಕ್ಕೆ ಬಂದು, ಡಾ. ಮಾನಪ್ಪ ಹೊಸಮನಿ ಇವರ ಹೇಳಿಕೆಯ ಮೇರೆಗೆ ಬಿಸಿಲಿನಲ್ಲಿ ಬಿಚ್ಚಲಾಯಿತು ಎಂದು ಬರೆದ. ಐದನೆಯದಕ್ಕೆ, ರೂಢಿಯಂತೆ, ಪೆನ್ನು 'ಮೇ' ಎಂದು ಶುರು ಮಾಡಿತು.

"ಬ್ಯಾಡ," ಎಂದರು ಮಾನಪ್ಪ. "ಎಲ್ಲಾದಕ್ಕೂ ಪೂರ್ತಿ ಬರೀರಿ. ಹದಿನಾಲ್ಕು ಸಲ."

ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಹೊರಗೆ ಜನ ತಟ್ಟೆಗಳನ್ನು ಹರಿದ ಕಾಗದದಲ್ಲಿ ಜೋಪಾನವಾಗಿ ಮತ್ತೆ ಸುತ್ತುತ್ತಿದ್ದರು, ಇನ್ನು ಅದರಿಂದ ಏನಾದರೂ ಉಪಯೋಗವಿದ್ದೀತು ಎಂಬಂತೆ. ಲಕ್ಕವ್ವ ಒಮ್ಮೆ ಬಾಗಿಲಿಗೆ ಬಂದು, "ಯಪ್ಪಾ, ನಾವು ಕೇಳಬಾರದಿತ್ತು," ಎಂದಳು. ಮಾನಪ್ಪ, "ನೀವು ಕೇಳಿದ್ದು ಚಲೋನ ಆತು ಯವ್ವಾ. ನಾ ನೋಡಬೇಕಾಗಿತ್ತು," ಎಂದರು.

ಹದಿನೇಳನೆಯದು ಮುಗಿಸಿ ತಲಾಟಿ ತಲೆ ಎತ್ತಿದ. "ಸರ್, ಕಾರಣ ಅಂತ ಒಂದು ಕಾಲಂ ಐತಿ. ಏನಂತ ಬರೀಲಿ? ಕಾಗದ ನಂಬಿದ್ದಕ್ಕ ಅಂತ ಬರದ್ರ..." ಎಂದು ಬುಟ್ಟಿಯತ್ತ ನೋಡಿದ. ಆ ಕಾಗದ ಈಗ ಅದರಲ್ಲಿ ಚೂರಾಗಿ ಬಿದ್ದಿತ್ತು.

"ದಣಿವು ಅಂತ ಬರೀರಿ," ಎಂದರು ಮಾನಪ್ಪ.

"ದಣಿವು ಅಂತ ಪಂಚನಾಮೆಯೊಳಗ ಬರಿಯೂ ರೂಢಿ ಇಲ್ರಿ ಸರ್."

"ಇರಲಿ, ಬರೀರಿ. ಅದು ಖರೆ ಐತಿ."

ಆತ ಬರೆದ. ಮಸಿಯ ಡಬ್ಬಿ ಖಂಡೆಪ್ಪನ ಮುಂದೆ ಬಂತು. ಮುದುಕ ಹೆಬ್ಬೆರಳು ಅದ್ದಿದವನು ಹಾಗೇ ಕೈ ತಡೆದು ಹಿಡಿದ. "ಮೊದಲ ಓದ್ರಿ," ಎಂದ ತಲಾಟಿಗೆ. "ಒಂದನೇದರಿಂದ ಓದ್ರಿ. ಕೇಳಿ ಒತ್ತತೇನಿ."

ಚೇತನಕುಮಾರ ಎದ್ದು ನಿಂತು ಓದತೊಡಗಿದ. ನಾಲ್ಕನೆಯದರಿಂದ ಮಾನಪ್ಪನವರ ಹೆಸರು ಶುರುವಾಯಿತು. ಅವರು ತಲೆ ತಗ್ಗಿಸಿ, ಹದಿನಾಲ್ಕು ಸಲವೂ ತಮ್ಮ ಹೆಸರನ್ನು ಕೇಳಿಕೊಂಡು ಕೂತರು.